ಆ ನಾಲ್ಕು ಜನ ಯಾರು?

ತಂಗಿಯ ಮದುವೆ ಗೊತ್ತಾದ ವಾರದಿಂದಲೇ ಮನೆಯಲ್ಲಿ ಒಂದು ಮಾತು ದಿನಕ್ಕೆ ಐದಾರು ಸಲ ಕೇಳಿಸತೊಡಗಿತು. "ನಾಲ್ಕು ಜನ ಏನಂತಾರೆ?" ಹಾಲ್ ಚಿಕ್ಕದಾದರೆ ನಾಲ್ಕು ಜನ ಏನಂತಾರೆ. ಆಮಂತ್ರಣವನ್ನು ಮೊಬೈಲಿಗೇ ಕಳಿಸಿದರೆ ನಾಲ್ಕು ಜನ ಏನಂತಾರೆ. ಒಂದು ಸಂಜೆ ತಡೆಯಲಾಗದೆ ಪೆನ್ನು ಹಿಡಿದು ಕೂತೆ. "ಅಪ್ಪಾ, ಆ ನಾಲ್ಕು ಜನ ಯಾರು? ಹೆಸರು ಹೇಳಿ, ಬರ್ಕೋತೀನಿ. ಅವರನ್ನೇ ಮೊದಲು ಕರೆಯೋಣ."

ಅಪ್ಪನಿಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ನಿಜವಾಗಿಯೂ ಯೋಚಿಸಿದರು. ಒಬ್ಬರ ಹೆಸರು ಹೇಳಿದರು. ಆಫೀಸಿನ ದಿನಗಳ ಗೆಳೆಯ. ಆಮೇಲೆ ದೂರದ ನೆಂಟರೊಬ್ಬರ ಹೆಸರನ್ನು ಅರ್ಧ ಹೇಳಿ, "ಅವರು ಈಗೆಲ್ಲಿ ಬರ್ತಾರೆ ಬಿಡು" ಅಂದರು. ನಾಲ್ಕು ಜನರಲ್ಲಿ ಕೈಗೆ ಸಿಕ್ಕಿದ್ದು ಒಂದೂವರೆ.

ನಕ್ಕೆವು. ಆದರೆ ಆ ಒಂದೂವರೆ ಜನರಿಗಾಗಿ ನಾವು ಎಷ್ಟು ಖರ್ಚು ಮಾಡಲು ಹೊರಟಿದ್ದೆವು ಅನ್ನೋದನ್ನು ಈಗ ನೆನೆಸಿಕೊಂಡರೂ ಮೈ ಬೆವರುತ್ತದೆ.

ಲೆಕ್ಕದ ಪುಸ್ತಕ ನನ್ನ ಕೈಗೆ ಬಂದದ್ದು ನಾನು ದೊಡ್ಡವಳು ಅನ್ನೋ ಒಂದೇ ಕಾರಣಕ್ಕೆ. ಹಣ ಎಷ್ಟಿತ್ತು ಅಂತ ಇಲ್ಲಿ ಹೇಳುವುದಿಲ್ಲ. ಕಡಿಮೆ ಇತ್ತು, ಅಷ್ಟೇ. ಒಬ್ಬರ ಕಡಿಮೆ ಇನ್ನೊಬ್ಬರಿಗೆ ಜಾಸ್ತಿ, ಹಾಗಾಗಿ ಅಂಕಿಯಿಂದ ನಿಮಗೂ ಉಪಯೋಗವಿಲ್ಲ. ಎರಡೂ ಮನೆಯವರು ಹಾಕಿದ್ದನ್ನು ಸೇರಿಸಿ ನೂರು ಅಂದುಕೊಳ್ಳಿ. ಈ ಬರಹದ ಉದ್ದಕ್ಕೂ ನೂರೇ ನಮ್ಮ ಹಣ.

ಆ ನೂರು ನೂರು ಅಂತ ಗೊತ್ತಾಗೋದಕ್ಕೇ ಒಂದು ತಿಂಗಳು ಹಿಡಿಯಿತು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಎರಡು ಮನೆಯವರು ಎದುರುಬದುರು ಕೂತರೆ ಯಾರ ಬಾಯಿಂದಲೂ ಮೊತ್ತ ಹೊರಡುವುದಿಲ್ಲ. "ಎಲ್ಲಿ ಮಾಡೋಣ?" "ನಿಮ್ಮಿಷ್ಟ." "ಎಷ್ಟು ಜನ ಆಗಬಹುದು?" "ಅಯ್ಯೋ, ಅದೂ ನಿಮ್ಮಿಷ್ಟ." ಕೇಳೋಕೆ ಎಷ್ಟು ಮೃದುವಾದ ಮಾತು! ಮದುವೆ ಮಾತುಕತೆಯಲ್ಲಿ ಇಷ್ಟು ದುಬಾರಿ ಪದ ಇನ್ನೊಂದಿಲ್ಲ. ಅವರು ಕೇಳದೇ ಇದ್ದದ್ದನ್ನು ಅವರು ಬಯಸಿರಬಹುದು ಅಂತ ಊಹಿಸಿ ನಾವು ಒಂದು ಮೆಟ್ಟಿಲು ಹತ್ತುತ್ತೇವೆ. ನಾವು ಹತ್ತಿದ್ದನ್ನು ನೋಡಿ ಅವರು ಇನ್ನೊಂದು ಹತ್ತುತ್ತಾರೆ.

ಮೂರನೇ ಭೇಟಿಯಲ್ಲಿ ಅದನ್ನು ಮುರಿದವಳು ತಂಗಿ. ಎಲ್ಲರ ಎದುರಿಗೇ, ಕಾಗದದ ಮೇಲೆ ಬರೆದು, "ನಮ್ಮ ಮನೆಯಲ್ಲಿ ಇರೋದು ಇಷ್ಟು" ಅಂದಳು. ಅಮ್ಮ ತಲೆ ತಗ್ಗಿಸಿದರು. ಅಪ್ಪ ಕಿಟಕಿಯ ಆಚೆ ನೋಡಿದರು. ಹುಡುಗನ ತಾಯಿ ಒಂದು ಕ್ಷಣ ಸುಮ್ಮನಿದ್ದು, ಉಸಿರು ಬಿಟ್ಟರು. "ಅಬ್ಬಾ. ನಾವೇ ಹೇಗಪ್ಪಾ ಹೇಳೋದು ಅಂತ ಒಂದು ತಿಂಗಳಿಂದ ಒದ್ದಾಡ್ತಿದ್ವಿ."

ಅಂದರೆ ಒಂದು ತಿಂಗಳು ಎರಡು ಮನೆಯವರೂ ಪರಸ್ಪರರ ಶ್ರೀಮಂತಿಕೆಗೆ ಹೆದರಿಕೊಂಡು ಕೂತಿದ್ದೆವು. ಇಬ್ಬರ ಹತ್ತಿರವೂ ಅದು ಇರಲಿಲ್ಲ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಹಿರಿಯರು ಎರಡನ್ನೂ ಒಂದೇ ಗಾದೆಯಲ್ಲಿ ಕಟ್ಟಿದ್ದು ಸುಮ್ನೆ ಅಲ್ಲ. ಎರಡರಲ್ಲೂ ಅಂದಾಜು ದಾರಿ ತಪ್ಪುತ್ತದೆ. ಸಿಡ್ನಿಯ ಒಪೆರಾ ಹೌಸ್ ಕಟ್ಟಲು ಹೊರಟಾಗ 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಸಾಕು, 1963ಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದರು. ಬಾಗಿಲು ತೆರೆದದ್ದು 1973ರಲ್ಲಿ, ಖರ್ಚಾದದ್ದು 10 ಕೋಟಿ 20 ಲಕ್ಷ ಡಾಲರ್. ಅಷ್ಟೆಲ್ಲ ಎಂಜಿನಿಯರುಗಳಿದ್ದ ಕಡೆಯೇ ಹೀಗಾದರೆ ನಮ್ಮ ಅಡುಗೆಮನೆ ಮೇಜಿನ ಮೇಲಿನ ಲೆಕ್ಕ ಯಾವ ಮೂಲೆಗೆ? ಡೇನಿಯಲ್ ಕಾನಮನ್ ಮತ್ತು ಆಮೋಸ್ ಟ್ವರ್ಸ್ಕಿ ಅನ್ನೋ ಮನಃಶಾಸ್ತ್ರಜ್ಞರು 1979ರಲ್ಲೇ ಇದಕ್ಕೊಂದು ಹೆಸರು ಇಟ್ಟಿದ್ದಾರೆ. ನಮ್ಮ ಕೆಲಸದ ವಿಷಯ ಬಂದಾಗ ನಾವು ಎಲ್ಲವೂ ಸರಿಯಾಗಿ ನಡೆಯುವ ದಿನವನ್ನೇ ಕಣ್ಣ ಮುಂದೆ ಇಟ್ಟುಕೊಂಡು ಅಂದಾಜು ಹಾಕುತ್ತೇವಂತೆ. ಹಿಂದಿನ ಸಲ ಏನಾಗಿತ್ತು ಅಂತ ಕೇಳಿಕೊಳ್ಳುವುದಿಲ್ಲ.

ಅದನ್ನು ಓದಿದ್ದ ನಾನು ಜಾಣತನ ಮಾಡಿ, ಮೊದಲ ದಿನವೇ ನೂರರಲ್ಲಿ ಹತ್ತನ್ನು ತೆಗೆದು ಬೇರೆ ಖಾತೆಯಲ್ಲಿಟ್ಟೆ. ಆ ಹತ್ತು ಯಾವುದಕ್ಕೂ ಅಲ್ಲ. ಹೆಸರಿಲ್ಲದ ಖರ್ಚಿಗೆ. ಅಮ್ಮ ಕೇಳಿದರು, "ಯಾವುದಕ್ಕೂ ಅಲ್ಲ ಅಂದ್ರೆ ಅದರಲ್ಲಿ ಸೀರೆ ತಗೋಬಹುದಲ್ವಾ?" ಅಮ್ಮನ ಕೈಗೆ ಅದರ ಪಾಸ್‌ವರ್ಡ್ ಕೊಡಲಿಲ್ಲ.

ಇಷ್ಟು ಜಾಣತನ ಮಾಡಿದವಳು ಮುಂದಿನ ವಾರವೇ ದಡ್ಡತನವನ್ನೂ ಮಾಡಿದೆ. ಜನ ಎಷ್ಟು ಅಂತ ಲೆಕ್ಕ ಹಾಕುವ ಮೊದಲೇ ಹಾಲ್‌ಗೆ ಅಡ್ವಾನ್ಸ್ ಕೊಟ್ಟೆ. ದಿನ ಕೈತಪ್ಪಿ ಹೋಗುತ್ತದೆ ಅನ್ನೋ ಭಯ. "ನಾಳೆ ಇನ್ನೊಬ್ಬರು ಬರ್ತಾರೆ ಮೇಡಂ" ಅಂತ ಅವರು ಹೇಳಿದ್ದು ನಿಜವಿರಬಹುದು. ನಾನು ಮಾತ್ರ ಅಲ್ಲೇ ನಿಂತು ಹಣ ಕಳಿಸಿದೆ. ಬಾಡಿಗೆ ನಮಗೆ ಎಟಕುವಷ್ಟೇ ಇತ್ತು. ಮನೆಗೆ ಬಂದು ರಸೀದಿಯ ಹಿಂಬದಿ ಓದಿದಾಗ ಗೊತ್ತಾಯಿತು, ಊಟ ಅವರ ಕಡೆಯಿಂದಲೇ ಆಗಬೇಕು, ಕನಿಷ್ಠ 300 ಊಟದ ಹಣ ಕೊಡಲೇಬೇಕು. 150 ಜನ ಬಂದರೂ 300ರ ದುಡ್ಡು.

ನಮ್ಮ ಅಂದಾಜಿನಲ್ಲಿ ಒಬ್ಬರ ಊಟಕ್ಕೆ 0.3 ಬೀಳುತ್ತಿತ್ತು. 300 ಜನಕ್ಕೆ 90. ನೂರರಲ್ಲಿ ತೊಂಬತ್ತು ಊಟಕ್ಕೇ ಹೋದರೆ ಉಳಿದ ಹತ್ತರಲ್ಲಿ ಹಾಲ್ ಬಾಡಿಗೆ, ಬಟ್ಟೆ, ಫೋಟೋ, ಕುರ್ಚಿ, ಓಡಾಟ ಎಲ್ಲಾ ಆಗಬೇಕು.

ಮೂರು ದಿನ ಯಾರಿಗೂ ಹೇಳಲಿಲ್ಲ. ಕೊಟ್ಟ ಅಡ್ವಾನ್ಸ್ ಆರು. ಅದು ವಾಪಸ್ ಬರುವುದಿಲ್ಲ. ಆರು ಹೋಗುತ್ತದಲ್ಲಾ ಅನ್ನೋ ಸಂಕಟಕ್ಕೆ, 300 ಜನರನ್ನು ಹೇಗಾದರೂ ಕರೆದುಬಿಡೋಣ ಅಂತಲೂ ಒಂದು ರಾತ್ರಿ ಯೋಚಿಸಿದೆ, ನಂಬುತ್ತೀರಾ! ನಾಲ್ಕನೇ ದಿನ ತಂಗಿಗೆ ಹೇಳಿದೆ. ಅವಳು ಬೈಯಲಿಲ್ಲ. "ಅಕ್ಕಾ, ಆರು ಆಗ್ಲೇ ಹೋಗಿದೆ. ಈಗ ನೋಡ್ಬೇಕಾದ್ದು ಉಳಿದಿರೋದು ಹೋಗತ್ತಾ ಇಲ್ವಾ ಅಂತ" ಅಂದಳು. ಹೆಸರಿಲ್ಲದ ಹತ್ತರಲ್ಲಿ ಆರು ಹೀಗೆ ಹೋಯಿತು, ನನ್ನದೇ ಹೆಸರಿನಲ್ಲಿ.

ಆಮೇಲೆ ಪ್ರತಿ ಕಡೆಯೂ ನಾಚಿಕೆ ಬಿಟ್ಟು ಕೇಳಿದೆ. ಕನಿಷ್ಠ ಎಷ್ಟು ಊಟ? ಹೊರಗಿನ ಅಡುಗೆಯವರನ್ನು ಬಿಡ್ತೀರಾ? ಬಾಡಿಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ? ಅದು ದಾಟಿದರೆ ಗಂಟೆಗೆ ಎಷ್ಟು? ಕರೆಂಟು, ನೀರು, ಕ್ಲೀನಿಂಗು ಬಾಡಿಗೆಯೊಳಗೋ ಹೊರಗೋ? ತೆರಿಗೆ ಸೇರಿದೆಯಾ? ಕುರ್ಚಿ ಎಷ್ಟು ಕೊಡ್ತೀರಾ? ದಿನ ಮುಂದೆ ಹೋದರೆ ಅಡ್ವಾನ್ಸ್ ಉಳಿಯತ್ತಾ? ಎಲ್ಲ ಕೇಳಿ, "ಇದನ್ನೇ ಒಂದು ಮೆಸೇಜಿನಲ್ಲಿ ಬರೆದು ಕಳಿಸಿ" ಅನ್ನುತ್ತಿದ್ದೆ. ಬರೆದು ಕಳಿಸಿ ಅಂದ ತಕ್ಷಣ ಕೆಲವರ ದರ ಬದಲಾಗುತ್ತಿತ್ತು. ಕೆಲವರು ಮತ್ತೆ ಫೋನೇ ಎತ್ತಲಿಲ್ಲ. ಒಳ್ಳೆಯದೇ ಆಯಿತು.

'ಮದುವೆ' ಅಂದ ಕೂಡಲೇ ದರ ಏರಿಸುತ್ತಾರೆ ಅನ್ನೋ ದೂರು ಎಲ್ಲ ಕಡೆಯೂ ಇದೆ. ಸುಮ್ನೆ ಸಮಾರಂಭ ಅಂತ ಹೇಳಿ ಬುಕ್ ಮಾಡಿ ಅಂತ ಸಲಹೆಯೂ ಸಿಗುತ್ತದೆ. ನಾನು ಮಾಡಲಿಲ್ಲ. ಹುಟ್ಟುಹಬ್ಬದ ಫೋಟೋ ಹಾಳಾದರೆ ಮುಂದಿನ ವರ್ಷ ಇನ್ನೊಂದು ಹುಟ್ಟುಹಬ್ಬ ಬರುತ್ತದೆ. ಮದುವೆಯ ಫೋಟೋಗ್ರಾಫರ್ ಎರಡು ಕ್ಯಾಮೆರಾ ತರುತ್ತಾನೆ, ಒಂದು ಕೆಟ್ಟರೆ ಇರಲಿ ಅಂತ. ಆ ಎರಡನೇ ಕ್ಯಾಮೆರಾದ ಹಣ ನ್ಯಾಯವಾದದ್ದೇ. ಸುಳ್ಳು ಹೇಳುವ ಬದಲು ಪಟ್ಟಿ ಬಿಡಿಸಿ ಕೇಳಿ. ಆಲ್ಬಮ್ ಬೇಡ ಅಂದರೆ ಎಷ್ಟು, ವಿಡಿಯೋ ಬೇಡ ಅಂದರೆ ಎಷ್ಟು, ಅರ್ಧ ದಿನ ಸಾಕು ಅಂದರೆ ಎಷ್ಟು. ನಮಗೆ ಹಾಗೆಯೇ ಎಂಟರಲ್ಲಿ ಫೋಟೋ ಮುಗಿಯಿತು. ಕ್ಯಾಮೆರಾ ಇರುವ ಗೆಳೆಯನನ್ನೇ ಪುಕ್ಕಟೆ ಕರೆಯಬಹುದಿತ್ತು. ಆದರೆ ಕೆಲಸ ಹಚ್ಚಿದ ಗೆಳೆಯ ಆ ದಿನ ನೆಂಟನಾಗಿ ಉಳಿಯುವುದಿಲ್ಲ. ಊಟಕ್ಕೆ ಕೊನೆಯ ಸಾಲಿನಲ್ಲಿ ಒಬ್ಬನೇ ಕೂರುತ್ತಾನೆ.

ಸ್ವಂತ ಕೈಯಿಂದ ಅಲಂಕಾರ ಮಾಡಿದರೆ ಉಳಿತಾಯ ಅನ್ನೋದನ್ನೂ ಪರೀಕ್ಷಿಸಿ ನೋಡಿದೆವು. ಹತ್ತು ರಾತ್ರಿ ಕೂತು ಕಾಗದದ ಹೂ ಮಾಡಿದೆವು. ಮದುವೆಯ ಬೆಳಿಗ್ಗೆ ಯಾರೋ ಸೆಕೆ ಅಂತ ಫ್ಯಾನ್ ಹಾಕಿದರು. ಅರ್ಧ ಹೂ ಕುರ್ಚಿಗಳ ಕೆಳಗೆ. ಮಕ್ಕಳಿಗೆ ಮಾತ್ರ ಬಹಳ ಖುಷಿಯಾಯಿತು.

ಇವೆಲ್ಲ ಚಿಲ್ಲರೆ. ನಿಜವಾದ ಲೆಕ್ಕ ಇರುವುದು ಒಂದೇ ಕಡೆ, ಕರೆಯುವವರ ಪಟ್ಟಿಯಲ್ಲಿ. ಇದು ಗೊತ್ತಾಗೋಕೆ ನನಗೆ ಹಾಲ್‌ನ ಪೆಟ್ಟು ಬೇಕಾಯಿತು. ಮದುವೆಯ ಖರ್ಚಿನಲ್ಲಿ ಎರಡು ಜಾತಿ ಇವೆ. ಒಂದು, ಎಷ್ಟು ಜನ ಬಂದರೂ ಬದಲಾಗದ್ದು. ಫೋಟೋ, ವೇದಿಕೆ, ಮದುಮಕ್ಕಳ ಬಟ್ಟೆ. ಇನ್ನೊಂದು, ತಲೆ ಎಣಿಸಿ ಬೆಳೆಯುವುದು. ಊಟ, ಕುರ್ಚಿ, ನೀರು, ಬಡಿಸುವವರು, ಗಾಡಿ, ಉಳಿಯುವ ಕೋಣೆ, ಕೊನೆಗೆ ಹಾಲ್‌ನ ಅಳತೆಯೂ. ನಾವು ಮೊದಲನೆಯದನ್ನು ಹಿಡಿದು ವಾರಗಟ್ಟಲೆ ಚೌಕಾಸಿ ಮಾಡುತ್ತೇವೆ. ವೇದಿಕೆಯ ಹೂವಿನಲ್ಲಿ ಒಂದು ಉಳಿಸಿ ಬೀಗುತ್ತೇವೆ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಅಮ್ಮ ಫೋನಿನಲ್ಲಿ ಇನ್ನೊಂದು ಕುಟುಂಬವನ್ನು "ಎಲ್ಲರೂ ಬನ್ನಿ" ಅಂತ ಕರೆದಿರುತ್ತಾರೆ.

ಅಮ್ಮನ ಮೊದಲ ಪಟ್ಟಿ 240 ಜನರದ್ದು. ಹುಡುಗನ ಮನೆಯದು 190. ಒಟ್ಟು 430 ಊಟ, ಅಂದರೆ 129. ನಮ್ಮ ಹತ್ತಿರ ಇದ್ದದ್ದೇ ನೂರು.

ಪಟ್ಟಿ ಹೇಗೆ ಬೆಳೆಯುತ್ತದೆ ಅಂತ ಪಕ್ಕದಲ್ಲಿ ಕೂತು ನೋಡಿದೆ. ಒಬ್ಬರ ಹೆಸರು ಬರೆದರೆ ಅವರ ತಮ್ಮನದ್ದು ಬರೆಯದೆ ಇರೋಕಾಗಲ್ಲ. ತಮ್ಮನನ್ನು ಕರೆದರೆ ಅವನ ಹೆಂಡತಿಯ ತವರಿನವರು ಅದೇ ಬೀದಿಯವರು. "ಅವರು ನಮ್ಮನ್ನು ಕರೆದಿದ್ರು" ಅನ್ನೋದು ಇನ್ನೊಂದು ದೊಡ್ಡ ಕಾರಣ. ಅವರು ಕರೆದು ಎಷ್ಟು ವರ್ಷ ಆಯಿತು ಅಂತ ಕೇಳಿದರೆ ಹನ್ನೊಂದು. ಮದುವೆ ಆದ ಆ ಜೋಡಿಯ ಹೆಸರು ಅಮ್ಮನಿಗೆ ನೆನಪಿರಲಿಲ್ಲ.

ಬ್ರಿಟನ್ನಿನ ರಾಬಿನ್ ಡನ್‌ಬಾರ್ ಅನ್ನೋ ವಿದ್ವಾಂಸರು 1990ರ ದಶಕದಲ್ಲಿ ಒಂದು ಮಾತು ಹೇಳಿದರು. ಮಂಗ ಜಾತಿಯ ಪ್ರಾಣಿಗಳ ಮೆದುಳಿಗೂ ಅವುಗಳ ಗುಂಪಿನ ಅಳತೆಗೂ ಇರುವ ಸಂಬಂಧ ನೋಡಿ, ಮನುಷ್ಯ ನಿಜವಾಗಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150 ಅಂತ ಲೆಕ್ಕ ಹಾಕಿದರು. ಅದರೊಳಗೆ ತೀರಾ ಹತ್ತಿರದವರು ಐದು, ಆಮೇಲೆ ಹದಿನೈದು, ಆಮೇಲೆ ಐವತ್ತು. ಈ ಸಂಖ್ಯೆಯನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ನನಗೆ ಅದರ ಗೊಡವೆ ಬೇಕಿರಲಿಲ್ಲ. ನೂರರಲ್ಲಿ ಊಟಕ್ಕೆ 45 ಕೊಡಬಹುದು, ಅಂದರೆ 150 ಜನ. ನಮ್ಮ ಬಡತನವೂ ವಿಜ್ಞಾನವೂ ಒಂದೇ ಸಂಖ್ಯೆಗೆ ಬಂದು ನಿಂತಿದ್ದು ನೋಡಿ ಹಿಗ್ಗಿದೆ. ಅಮ್ಮನಿಗೆ ಡನ್‌ಬಾರ್ ಕಥೆ ಹೇಳಿದೆ. "ಆ ಮನುಷ್ಯ ನಮ್ಮ ನೆಂಟರನ್ನ ನೋಡಿಲ್ಲ" ಅಂದರು.

ಒಂದೊಂದು ಮನೆಗೆ 75 ಅಂತ ಭಾಗ ಮಾಡಿದೆವು. ಹೆಸರು ಹೊಡೆಯೋಕೆ ಒಂದು ನಿಯಮ ಬೇಕಿತ್ತು. ನಿಯಮವಿಲ್ಲದೆ ಹೊಡೆದರೆ ಪ್ರತಿ ಹೆಸರಿಗೂ ಒಂದು ಜಗಳ. ನಾನು ಮಾಡಿದ ನಿಯಮ ಇಷ್ಟೇ: ಕಳೆದ ಒಂದು ವರ್ಷದಲ್ಲಿ ಒಂದು ಸಲವಾದರೂ ಇವರ ಜೊತೆ ಫೋನಿನಲ್ಲಿ ಮಾತಾಡಿದ್ದೀವಾ? ಹಬ್ಬದ ಫಾರ್ವರ್ಡ್ ಮೆಸೇಜು ಲೆಕ್ಕಕ್ಕಿಲ್ಲ. ಚೊಕ್ಕವಾಗಿ ಕೆಲಸ ಮಾಡಿತು. ಎರಡು ಸಂಜೆಯಲ್ಲಿ 240 ಇದ್ದದ್ದು 80ಕ್ಕೆ ಇಳಿಯಿತು. ಉಳಿದ ಐದು ಹೆಸರಿಗೆ ಮಾತ್ರ ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಅಪ್ಪ ಹೇಳಿದ್ದ ಆ ಗೆಳೆಯರ ಹೆಸರೂ ಬಂತು. ಕೊನೆಗೆ ಯಾವಾಗ ಮಾತಾಡಿದ್ದು ಅಂತ ಕೇಳಿದೆ. ಅಪ್ಪ ಬೆರಳು ಮಡಿಸಿ ಎಣಿಸಿದರು. ನಾಲ್ಕು ವರ್ಷದ ಹಿಂದೆ. "ನಿಯಮ ಅಂದ್ಮೇಲೆ ನಿಯಮ. ಹೊಡೆದು ಹಾಕು" ಅಂದರು. ಹೊಡೆದೆ.

ಸಾಲದ ಬಗ್ಗೆ ಹೆಚ್ಚು ಹೇಳಲಾರೆ, ನಮ್ಮಲ್ಲಿ ಅದು ಬೇಗ ಮುಗಿದ ಮಾತು. ಇನ್ನೊಂದು ನೂರು ಸಾಲ ತಂದರೆ ಎಲ್ಲರನ್ನೂ ಕರೆಯಬಹುದು ಅಂತ ಒಬ್ಬರು ಸಲಹೆ ಕೊಟ್ಟರು. ಕೂತು ಲೆಕ್ಕ ಹಾಕಿದೆ. ವರ್ಷಕ್ಕೆ ಶೇಕಡ 15 ಬಡ್ಡಿ, 36 ಕಂತು. ತಿಂಗಳಿಗೆ ಸುಮಾರು 3.5. ಮೂರು ವರ್ಷದಲ್ಲಿ ಕಟ್ಟುವುದು ಒಟ್ಟು 125ರ ಹತ್ತಿರ. ಹೊಸ ಸಂಸಾರದ ಮೊದಲ ಮೂರು ವರ್ಷ ಪ್ರತಿ ತಿಂಗಳೂ, ಹನ್ನೊಂದು ವರ್ಷದ ಹಿಂದೆ ನಮ್ಮನ್ನು ಕರೆದವರ ಊಟಕ್ಕೆ ಕಂತು. ಆ ಕಾಗದವನ್ನು ಅಪ್ಪನ ಮುಂದೆ ಇಟ್ಟೆ, ಏನೂ ಹೇಳಲಿಲ್ಲ. ಅವರೂ ಏನೂ ಹೇಳಲಿಲ್ಲ.

ಇನ್ನೊಂದು ಅಸ್ತ್ರವೂ ನನ್ನ ಹತ್ತಿರ ಇತ್ತು. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು, ಆಂಡ್ರ್ಯೂ ಫ್ರಾನ್ಸಿಸ್ ಮತ್ತು ಹ್ಯೂಗೋ ಮಿಯಾಲನ್, 2014ರಲ್ಲಿ ಒಂದು ಅಧ್ಯಯನ ಹೊರತಂದಿದ್ದರು. ಮದುವೆಯಾದ ಮೂರು ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ಕೇಳಿ ನೋಡಿದ್ದರು. ಮದುವೆಗೆ ವಿಪರೀತ ಖರ್ಚು ಮಾಡಿದವರಲ್ಲಿ ವಿಚ್ಛೇದನ ಜಾಸ್ತಿ ಕಂಡಿತ್ತು. ಖರ್ಚಿನಿಂದಲೇ ಹಾಗಾಯಿತು ಅಂತ ಅದರರ್ಥವಲ್ಲ, ಎರಡೂ ಒಟ್ಟಿಗೆ ಕಂಡವು ಅಷ್ಟೇ. ಆದರೂ ಜಗಳಕ್ಕೆ ಇಷ್ಟು ಸಾಕು. ಮನೆಯವರೆಲ್ಲ ಕೂತಿದ್ದಾಗ ಗತ್ತಿನಿಂದ ಹೇಳಿದೆ.

ಹುಡುಗ ಮೊಬೈಲ್ ತೆಗೆದು ಹುಡುಕಿ ಪೂರ್ತಿ ಓದಿದ. ಆಮೇಲೆ ಮೆಲ್ಲಗೆ, "ಅಕ್ಕಾ, ಇದರಲ್ಲಿ ಇನ್ನೊಂದು ಸಾಲು ಇದೆ" ಅಂದ. ಮದುವೆಗೆ ಹೆಚ್ಚು ಜನ ಬಂದವರಲ್ಲಿ ವಿಚ್ಛೇದನ ಕಡಿಮೆಯಂತೆ.

ಅಮ್ಮ ನನ್ನ ಕಡೆ ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ.

ಆ ಸಾಲು ಮಾತ್ರ ತಲೆಯಲ್ಲೇ ಉಳಿಯಿತು. ಖರ್ಚು ಕಡಿಮೆ, ಜನ ಹೆಚ್ಚು. ಇದು ಹೇಗೆ ಆಗುತ್ತದೆ? ಒಂದು ಹೊತ್ತಿನ ದೊಡ್ಡ ಊಟದ ಬದಲು ಸಂಜೆಯ ತಿಂಡಿ ಕೊಟ್ಟರೆ ಆಗುತ್ತದೆ. ಬಾಡಿಗೆ ಹಾಲ್ ಬಿಟ್ಟು ಯಾರದೋ ದೊಡ್ಡ ಅಂಗಳದಲ್ಲಿ ಮಾಡಿದರೆ ಆಗುತ್ತದೆ. ಬರುವವರೇ ಒಂದೊಂದು ಕೆಲಸ ಹೊತ್ತುಕೊಂಡರೆ ಆಗುತ್ತದೆ. ಮನೆಮಂದಿಯ ಮುಂದೆ ಮದುವೆ ಮುಗಿಸಿ, ಉಳಿದವರನ್ನು ಇನ್ನೊಂದು ದಿನ ಬರೀ ಮಾತಿಗೆ ಕರೆದರೂ ಆಗುತ್ತದೆ. ನಮಗೆ ಅಷ್ಟು ಹೊತ್ತಿಗೆ ಎರಡನೇ ಹಾಲ್ ಗೊತ್ತಾಗಿತ್ತು, ಹನ್ನೆರಡಕ್ಕೆ. ಅಡುಗೆಯವರಿಗೂ 150 ಅಂತ ಹೇಳಿಯಾಗಿತ್ತು. ನಾನು ಬದಲಾಯಿಸಲಿಲ್ಲ. ಒಂದು ಸಲ ಪೆಟ್ಟು ತಿಂದವಳಿಗೆ ಗೆರೆ ದಾಟುವ ಧೈರ್ಯ ಇರಲಿಲ್ಲ ಅಂತಲೇ ಇಟ್ಟುಕೊಳ್ಳಿ.

ಕೆಲಸದ ದಿನ ಇಟ್ಟುಕೊಂಡರೆ ಬಾಡಿಗೆ ಇನ್ನೂ ಇಳಿಯುತ್ತಿತ್ತು. ಅದನ್ನೂ ಬಿಟ್ಟೆವು. ನಮ್ಮ ಉಳಿತಾಯಕ್ಕೆ ನೂರೈವತ್ತು ಜನ ರಜೆ ಹಾಕಬೇಕು ಅಂದರೆ ಖರ್ಚು ಕಡಿಮೆಯಾದಂತಲ್ಲ, ಅವರ ಜೇಬಿಗೆ ದಾಟಿಸಿದಂತೆ.

ಮದುವೆ ಚೆನ್ನಾಗಿಯೇ ನಡೆಯಿತು. ಫ್ಯಾನಿನ ಕಥೆ ಆಗಲೇ ಹೇಳಿದೆ. ಹಾಲ್ ಬಿಡೋದು ಒಂದು ಗಂಟೆ ತಡವಾಗಿ, ಹೆಸರಿಲ್ಲದ ಹತ್ತರಲ್ಲಿ ಇನ್ನೊಂದು ಹೋಯಿತು. ಚಿಕ್ಕ ಹಾಲ್ ಆಗಿದ್ದಕ್ಕೆ ತುಂಬಿದಂತೆ ಕಾಣುತ್ತಿತ್ತು. ನಾಲ್ಕು ಜನ ಏನಂದರು ಅಂತ ಗೊತ್ತಿಲ್ಲ, ಅವರು ಬಂದಿರಲಿಲ್ಲ. ಬಂದವರು ತಂಗಿಯ ಜೊತೆ ಕೂತು ಮಾತಾಡಿದರು. ಅವಳಿಗೆ ಪ್ರತಿಯೊಬ್ಬರ ಹೆಸರೂ ಗೊತ್ತಿತ್ತು.

ಅವತ್ತು ರಾತ್ರಿ ಎಲ್ಲ ಮಲಗಿದ ಮೇಲೆ ನೀರು ಕುಡಿಯಲು ಎದ್ದೆ. ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು.

"ಹ್ಞೂಂ ಕಣಯ್ಯಾ, ಚಿಕ್ಕೋಳ್ದು. ಇವತ್ತೇ ಆಯ್ತು. ಇಲ್ಲಪ್ಪಾ, ದೊಡ್ಡದಾಗಿ ಏನಿಲ್ಲ, ಮನೆಮಟ್ಟಿಗೆ. ಒಂದು ಪೈಸೆ ಸಾಲ ಮಾಡ್ಲಿಲ್ಲ ನೋಡು. ದೊಡ್ಡೋಳು ಲೆಕ್ಕ ಇಟ್ಟಿದ್ಲು, ಭಾರಿ ಗಟ್ಟಿ ಅವಳು." ನಕ್ಕರು. ಆಮೇಲೆ ಆ ಕಡೆಯವರು ಏನೋ ಹೇಳಿದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. "ಹೌದು" ಅಂದರು. "ಹೌದು, ಕರೀಬೇಕಿತ್ತು."

ನಾನು ಲೈಟು ಹಾಕದೆ ವಾಪಸ್ ಬಂದು ಮಲಗಿದೆ.

ಮಾರನೇ ದಿನ ಎಲ್ಲರಿಗೂ ಬಾಕಿ ಕೊಟ್ಟು ಪುಸ್ತಕ ಮುಗಿಸಿದೆ. ಕೂಡಿಸಿ, ಕಳೆದು, ಮತ್ತೆ ಕೂಡಿಸಿದೆ. ಖರ್ಚು 97. ಮಿಕ್ಕಿದ್ದು ಮೂರು. ಒಬ್ಬರ ಊಟಕ್ಕೆ 0.3ರಂತೆ ಹತ್ತು ಜನರ ಊಟ.